ಜಯಲಕ್ಷ್ಮೀ ವಿಲಾಸಕ್ಕೆ ದೊಡ್ಡ ಚೆಕ್ ಒಂದೇ ಸಾಲದು, ದಿನಾ ನೋಡ್ಕೊಳ್ಳೋ ಕೈ ಬೇಕು

ಸಂಪಾದಕರಿಗೆ ನಮಸ್ಕಾರ,

ಮೈಸೂರಿನ ಹಳೇ ಕಟ್ಟಡಗಳ ಬಗ್ಗೆ ನಿಮ್ಮ ಪತ್ರಿಕೇಲಿ ಆಗಾಗ ಬರ್ತಾ ಇರುತ್ತೆ, ಖುಷಿಯಿಂದ ಓದ್ತೀನಿ, ಆದ್ರೆ ನೀವು ಮಾತ್ರ ಅಲ್ಲ, ಎಲ್ಲಾ ಪತ್ರಿಕೆಗಳೂ ಟಿವಿಯವ್ರೂ ಬರೆಯೋದು ಹೆಚ್ಚುಕಮ್ಮಿ ಎರಡೇ ಹೊತ್ತಲ್ಲಿ, ಒಂದು ದಸರಾ ಹತ್ರ ಬಂದಾಗ, ಇನ್ನೊಂದು ಎಲ್ಲೋ ಗೋಡೆ ಕುಸಿದಾಗ. ಈ ಎರಡೂ ಇಲ್ಲದ ಸಮಯದಲ್ಲಿ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿರೋ ಹಳೇ ರಾಜಮನೆತನದ ಬಂಗಲೆ ಜಯಲಕ್ಷ್ಮೀ ವಿಲಾಸದ ಬಗ್ಗೆ ಸ್ವಲ್ಪ ವಿವರವಾಗಿ ಬರೀಬೇಕು ಅಂತ ಕೂತಿದೀನಿ. ಪತ್ರ ಉದ್ದ ಆಗುತ್ತೆ, ದಯವಿಟ್ಟು ಕತ್ತರಿ ಹಾಕದೆ ಹಾಕಿ, ಯಾಕಂದ್ರೆ ಈ ಕಟ್ಟಡದ ಅರ್ಧ ಕಥೆ ಮಾತ್ರ ಹೇಳೋದ್ರಿಂದಾನೇ ಅದಕ್ಕೆ ಈ ಗತಿ ಬಂದಿದೆ ಅಂತ ನಂಗೆ ಅನ್ಸುತ್ತೆ. ಅರಮನೆ ಅಂತ ಹೇಳಿ ಬಿಡ್ತೀವಿ, ಇಲ್ಲ ಮ್ಯೂಸಿಯಂ ಅಂತ ಹೇಳಿ ಬಿಡ್ತೀವಿ, ಅದು ಎರಡೂ ಹೌದು.

ಇವತ್ತಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ ಅಂತ ಶುರುವಿಂದಾನೇ ಹೇಳ್ತೀನಿ. ಹತ್ತನೇ ಚಾಮರಾಜ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ತೀರ್ಕೊಂಡ್ರು, ಮಗ ಇನ್ನೂ ಚಿಕ್ಕವನು, ಹಾಗಾಗಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ಅಂದ್ರೆ ವಾಣಿವಿಲಾಸ ಸನ್ನಿಧಾನ, ರೀಜೆಂಟ್ ಆಗಿ ರಾಜ್ಯ ನೋಡ್ಕೊಂಡ್ರು. ಆ ಕಾಲದಲ್ಲೇ 1897ರಲ್ಲಿ ಮೊದಲನೇ ಮಗಳು ಜಯಲಕ್ಷ್ಮಮ್ಮಣ್ಣಿಯವರ ಮದುವೆ. ಗಂಡು ಸರ್ದಾರ್ ಎಂ. ಕಾಂತರಾಜ ಅರಸು, ಮಹಾರಾಣಿಯವರ ತಮ್ಮ, ಅಂದ್ರೆ ಹುಡುಗಿಗೆ ಸೋದರಮಾವನೇ. ಆ ಮದುವೆ ಸಂಭ್ರಮದ ನಡುವೇನೇ ಹಳೇ ಮರದ ಅರಮನೆಗೆ ಬೆಂಕಿ ಬಿದ್ದು ಸುಟ್ಟು ಹೋಯ್ತು. ಈಗ ನಾವು ದೀಪ ನೋಡೋಕೆ ಹೋಗೋ ದೊಡ್ಡ ಅರಮನೆ ಇದೆಯಲ್ಲ, ಹೆನ್ರಿ ಇರ್ವಿನ್ ಪ್ಲಾನ್ ಹಾಕಿದ್ದು, 1912ರಲ್ಲಿ ಮುಗಿದಿದ್ದು, ಅದು ಆ ಬೆಂಕಿ ಆದಮೇಲೆ ಕಟ್ಟಿದ್ದು. ಮನೆ ಕಟ್ಟಿ ನೋಡು ಮದುವೆ ಮಾಡಿ ನೋಡು ಅಂತಾರಲ್ಲ, ಒಂದೇ ಸಂಸಾರಕ್ಕೆ ಎರಡೂ ಒಟ್ಟಿಗೆ ಬಂದು ಎರಗಿದ ಹಾಗಾಯ್ತು. ಅದೇ ಮದುಮಗಳಿಗೆ ಅಂತ ಕುಕ್ಕರಹಳ್ಳಿ ಕೆರೆಯ ಪಶ್ಚಿಮಕ್ಕೆ ದಿಬ್ಬದ ಮೇಲೆ 1905ರಲ್ಲಿ ಎದ್ದಿದ್ದು ಈ ಬಂಗಲೆ. ಅಷ್ಟೊತ್ತಿಗೆ ಆಕೆಯ ತಮ್ಮ ನಾಲ್ವಡಿ ಕೃಷ್ಣರಾಜರು ಅಧಿಕಾರಕ್ಕೆ ಬಂದು ಮೂರು ವರ್ಷ ಆಗಿತ್ತು. ಖರ್ಚು ಸುಮಾರು 7 ಲಕ್ಷ ರೂಪಾಯಿ. 125 ಕೋಣೆ, 300 ಕಿಟಕಿ, ಕೆತ್ತನೆ ಮಾಡಿದ 287 ಬಾಗಿಲು ಅಂತ ಲೆಕ್ಕ ಹೇಳ್ತಾರೆ. ಹೊರಗಡೆ ಜೋಡಿ ಕಂಬಗಳು, ಮೇಲೆ ತ್ರಿಕೋನದ ಮುಖ, ಪೂರ್ತಿ ಯುರೋಪಿನ ಠೀವಿ. ಒಳಗೆ ಬಂದ್ರೆ ಕಲ್ಯಾಣ ಮಂಟಪ, ಬಣ್ಣದ ಗಾಜು, ನಮ್ಮೂರ ಮರಗೆಲಸದವರ ಕೆತ್ತನೆ. ಹೊರಗಿನದು ಯಾರಿಗೋ ತೋರಿಸೋಕೆ ಕಟ್ಟಿದ್ದು, ಒಳಗಿನದು ತಮಗೆ ಬದುಕೋಕೆ ಕಟ್ಟಿದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ, ಆ ಕಾಲದ ಮೈಸೂರು ಹೇಗಿತ್ತು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ಯಾವ ಪುಸ್ತಕದಲ್ಲೂ ನಂಗೆ ಸಿಕ್ಕಿಲ್ಲ.

ಕಾಂತರಾಜ ಅರಸರು ಸುಮ್ನೆ ಅರಮನೆ ಅಳಿಯ ಆಗಿ ಕೂರಲಿಲ್ಲ, ವಿಶ್ವೇಶ್ವರಯ್ಯನವರ ನಂತರ 1919ರಿಂದ 1922ರವರೆಗೆ ಮೈಸೂರಿನ ದಿವಾನರಾಗಿದ್ರು. ಇವತ್ತು ಕಾಂತರಾಜ ಅರಸು ರೋಡಲ್ಲಿ ಟ್ರಾಫಿಕ್‌ನಲ್ಲಿ ನಿಲ್ಲೋ ಎಷ್ಟು ಜನಕ್ಕೆ ಆ ಹೆಸರಿಗೂ ಮಾನಸಗಂಗೋತ್ರಿಯೊಳಗಿನ ಆ ಬಂಗಲೆಗೂ ಸಂಬಂಧ ಇದೆ ಅಂತ ಗೊತ್ತು? ಒಂದು ಬೋರ್ಡ್ ಹಾಕಿದ್ರೆ ಸಾಕಾಗಿತ್ತು. ಇರ್ಲಿ.

ಆಮೇಲೆ ಏನಾಯ್ತು ಅಂದ್ರೆ ಎಲ್ಲಾ ರಾಜಮನೆತನಗಳ ದೊಡ್ಡ ಮನೆಗಳಿಗೂ ಆಗಿದ್ದೇ ಇದಕ್ಕೂ ಆಯ್ತು. ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯ್ತು, ನೂರಾರು ಆಳುಕಾಳು ಇಟ್ಕೊಂಡು 125 ಕೋಣೆ ಗುಡಿಸಿ ಒರೆಸಿ ಇಟ್ಕೊಳ್ಳೋ ಕಾಲ ಮುಗೀತು. 1959ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸರ್ಕಾರದ ನೆರವಿಂದ 10 ಲಕ್ಷ ರೂಪಾಯಿಗೆ ಇದನ್ನ ಕೊಂಡ್ಕೊಂಡ್ತು. ಇಲ್ಲೊಂದು ನಿಮಿಷ ನಿಲ್ಲಿ. 1905ರಲ್ಲಿ ಕಟ್ಟೋಕೆ 7 ಲಕ್ಷ, ಐವತ್ತು ವರ್ಷ ಚಿಲ್ಲರೆ ಆದಮೇಲೆ, ಎರಡು ಮಹಾಯುದ್ಧ ಕಳೆದು ರೂಪಾಯಿ ಬೆಲೆ ಅಷ್ಟೊಂದು ಇಳಿದಮೇಲೆ, ಮಾರಾಟಕ್ಕೆ 10 ಲಕ್ಷ. ಬಂಗಲೆಯ ಅದೃಷ್ಟ ಎಲ್ಲಿಗೆ ಬಂದಿತ್ತು ಅನ್ನೋದು ಈ ಎರಡು ನಂಬರಲ್ಲೇ ಇದೆ. ಆದ್ರೂ ನನ್ನ ಪ್ರಕಾರ ಅದು ಆ ಬಂಗಲೆಯ ಕೆಟ್ಟ ಕಾಲ ಅಲ್ಲ, ಅದರ ಜೀವನದ ಅತ್ಯಂತ ಒಳ್ಳೆ ಗಳಿಗೆ. ಯಾಕಂದ್ರೆ ಆಗ ಕುಲಪತಿ ಆಗಿದ್ದವರು ಕುವೆಂಪು. ಸ್ನಾತಕೋತ್ತರ ಕೇಂದ್ರಕ್ಕೆ ಜಾಗ ಬೇಕಿತ್ತು, ಕೆರೆ ದಂಡೆಯ ಈ ವಿಶಾಲ ಜಾಗ ಸಿಕ್ತು, 1960ರಲ್ಲಿ ಅವರೇ ಹೆಸರಿಟ್ಟ ಮಾನಸಗಂಗೋತ್ರಿ ಶುರುವಾಯ್ತು. ಮಲೆನಾಡಿನ ಒಕ್ಕಲು ಮನೆತನದಿಂದ ಬಂದ ಕವಿಯೊಬ್ಬರು ಕುಲಪತಿಯಾಗಿದ್ದಾಗ ರಾಜಕುಮಾರಿಯ ಬಂಗಲೆ ಹಳ್ಳಿ ಹಟ್ಟಿಯಿಂದ ಓದೋಕೆ ಬರೋ ಮಕ್ಕಳ ಕ್ಯಾಂಪಸ್ಸಿಗೆ ಸೇರ್ಕೊಂಡ್ತು. ಇದನ್ನ ನೆನೆಸ್ಕೊಂಡಾಗೆಲ್ಲ ನಂಗೆ ಈ ನಾಡಿನ ಮೇಲೆ ಪ್ರೀತಿ ಉಕ್ಕುತ್ತೆ, ನಾನೂ ಹಾಗೆ ಬಂದವನೇ.

ಅದಕ್ಕಿಂತ ದೊಡ್ಡ ಮಾತು ಮುಂದೆ ಇದೆ. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಶುರುವಾಯ್ತು, ದೇ. ಜವರೇಗೌಡರು ಅದನ್ನ ಕಟ್ಟಿದವರು, 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಬಂತು. ಜೀ.ಶಂ. ಪರಮಶಿವಯ್ಯನವರು, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು, ಇನ್ನೂ ಹೆಸರು ಹೊರಗೆ ಬರದ ಎಷ್ಟೋ ಜನ ಊರೂರು ಸುತ್ತಿ ಸಾಮಾನು ತಂದ್ರು. ಏನೇನು ತಂದ್ರು ಅಂತ ಸ್ವಲ್ಪ ಕಣ್ಮುಂದೆ ತಂದ್ಕೊಳ್ಳಿ. ತೊಗಲು ಗೊಂಬೆ, ಸೂತ್ರದ ಗೊಂಬೆ, ಸೋಮನ ಕುಣಿತದ ಮುಖವಾಡ, ಯಕ್ಷಗಾನದ ಕಿರೀಟ ಭುಜಕೀರ್ತಿ, ವಾದ್ಯಗಳು, ದವಸ ಅಳೆಯೋ ಕೊಳಗ ಸೇರು, ಬೇಸಾಯದ ಸಾಮಾನು, ಅಡುಗೆ ಮನೆ ಪಾತ್ರೆ ಪರಡಿ, ದೀಪ, ಹೆಂಗಸರ ಒಡವೆ. ಒಟ್ಟು 6,500ಕ್ಕೂ ಹೆಚ್ಚು ವಸ್ತು ಅಂತಾರೆ. ಇದರಲ್ಲಿ ಮುಕ್ಕಾಲು ಪಾಲು ಮನೆಯವ್ರು ಅಟ್ಟದಿಂದ ಇಳಿಸಿ ಒಲೆಗೆ ಹಾಕ್ತಿದ್ದಿದ್ದೋ ಗುಜರಿಗೆ ಕೊಡ್ತಿದ್ದಿದ್ದೋ. ಪ್ಲಾಸ್ಟಿಕ್ ಬಿಂದಿಗೆ, ಸ್ಟೀಲ್ ಪಾತ್ರೆ ಹಳ್ಳಿಗೆ ನುಗ್ಗೋ ಹೊತ್ತಲ್ಲಿ ಈ ಜನ ಎದ್ದು ಹೋಗಿ ತರದೇ ಇದ್ದಿದ್ರೆ ಇವತ್ತು ಅವುಗಳ ಫೋಟೋ ಕೂಡ ಸಿಗ್ತಿರ್ಲಿಲ್ಲ.

ಆ ಸಾಮಾನೆಲ್ಲ ಬಂದು ಕೂತಿದ್ದು ಎಲ್ಲಿ? ಜಯಲಕ್ಷ್ಮೀ ವಿಲಾಸದಲ್ಲಿ. ರಾಜರ ಮಗಳ ಮದುವೆ ಮಂಟಪದ ಪಕ್ಕದ ಕೋಣೆಗಳಲ್ಲಿ ನೇಗಿಲು, ಒನಕೆ, ಮಾರಮ್ಮನ ಜಾತ್ರೆ ಸಾಮಾನು. ನಾನು ಗಂಗೋತ್ರಿಯಲ್ಲಿ ಓದ್ತಿದ್ದಾಗ ಊರಿಂದ ಯಾರೇ ಬಂದ್ರೂ ಅಲ್ಲಿಗೆ ಕರ್ಕೊಂಡು ಹೋಗ್ತಿದ್ದೆ. ದೊಡ್ಡ ಅರಮನೆಯಲ್ಲಿ ನಮ್ಮ ಹಳ್ಳಿ ಜನ ಬಾಯಿ ಮುಚ್ಕೊಂಡು, ಏನನ್ನೂ ಮುಟ್ಟದೆ, ಗೋಡೆ ಪಕ್ಕದಲ್ಲಿ ನಡೀತಾರೆ. ಇಲ್ಲಿ ಹಾಗಲ್ಲ, ಒಳಗೆ ಬಂದ ಐದು ನಿಮಿಷಕ್ಕೆ ಮಾತು ಶುರುವಾಗೋದು, ಇದು ನಮ್ಮಜ್ಜಿ ಹತ್ರ ಇತ್ತು, ಇದರಲ್ಲಿ ರಾಗಿ ಅಳೀತಿದ್ರು, ಇದನ್ನ ಹೀಗೆ ಹಿಡೀಬೇಕು ಅಂತ ನಮಗೇ ಪಾಠ ಹೇಳೋರು. ಅರಮನೆಯೊಂದರ ಒಳಗೆ ರೈತ ಹೆಣ್ಣುಮಗಳು ವಿವರಿಸೋಳು, ಎಂ.ಎ. ಓದೋ ಹುಡುಗರು ಕೇಳೋರು. ಕರ್ನಾಟಕದಲ್ಲಿ ಇಂಥ ಜಾಗ ಇನ್ನೊಂದಿದೆ ಅಂತ ನಂಗೆ ಅನ್ಸಲ್ಲ. ಹಾಗಾಗಿ ಇದನ್ನ ಬರೀ ಹೆರಿಟೇಜ್ ಬಿಲ್ಡಿಂಗ್ ಅಂತ ಕರೆದು ಕಂಬ ಕಮಾನುಗಳ ಲೆಕ್ಕ ಕೊಟ್ಟು ಮುಗಿಸೋರನ್ನ ಕಂಡ್ರೆ ಬೇಜಾರಾಗುತ್ತೆ, ಆ ಕಂಬಗಳ ನಡುವೆ ಏನಿತ್ತು ಅನ್ನೋದೇ ಅದರ ನಿಜವಾದ ಶ್ರೀಮಂತಿಕೆ.

ಆದ್ರೆ ಕಟ್ಟಡ ಮೆಲ್ಲಮೆಲ್ಲಗೆ ಸೊರಗ್ತಾ ಬಂತು. 2002ರಲ್ಲಿ ಇನ್ಫೋಸಿಸ್ ಫೌಂಡೇಶನ್ ಮುಂದೆ ಬಂದು 1.17 ಕೋಟಿ ರೂಪಾಯಿ ಕೊಡ್ತು, ಸುಧಾ ಮೂರ್ತಿಯವರು ಆಸಕ್ತಿ ತಗೊಂಡ್ರು, ಕೆಲ್ಸ ಆಗಿ ಬಂಗಲೆ ಮತ್ತೆ ಹೊಳೀತು. ಆ ಸಮಯದಲ್ಲಿ ನೋಡಿದವ್ರಿಗೆ ಗೊತ್ತು, ಬಣ್ಣ, ಮರ, ಗಾಜು ಎಲ್ಲಾ ಹೊಸದಾಗಿ ಹುಟ್ಟಿದ ಹಾಗಿತ್ತು. ಸರಿ, ಇನ್ನು ಇದಕ್ಕೆ ಕಷ್ಟ ಇಲ್ಲ ಅಂದ್ಕೊಂಡ್ವಿ ಎಲ್ರೂ. ಆಮೇಲೆ ಏನಾಯ್ತು? ವರ್ಷಗಳು ಕಳೀತಿದ್ದ ಹಾಗೆ ಮತ್ತೆ ಛಾವಣಿ ಸೋರಿತು, ಕೆಲವು ಕಡೆ ಕುಸೀತು, ಒಳಗಿನ ವಸ್ತುಗಳನ್ನ ಎತ್ತಿಡಬೇಕಾಯ್ತು, ಜನರಿಗೆ ಬಾಗಿಲು ಮುಚ್ಚಬೇಕಾಯ್ತು. ಕೋಟಿ ಖರ್ಚು ಮಾಡಿ ರಿಪೇರಿ ಮಾಡಿದ ಕಟ್ಟಡ ಇಷ್ಟು ಬೇಗ ಹೇಗೆ ಹಾಳಾಯ್ತು ಅಂತ ತುಂಬಾ ಜನ ಕೇಳ್ತಾರೆ, ಕೆಲವರು ಕೆಲ್ಸವೇ ಕಳಪೆ ಅಂತ ಸುಲಭವಾಗಿ ಹೇಳಿಬಿಡ್ತಾರೆ. ನನ್ನ ಪ್ರಕಾರ ಪ್ರಶ್ನೆಯೇ ತಪ್ಪು. ರಿಪೇರಿ ಮಾಡಿದ ಮಾರನೇ ದಿನದಿಂದ ಅದನ್ನ ಯಾರು ನೋಡ್ಕೊಂಡ್ರು, ಯಾವ ದುಡ್ಡಲ್ಲಿ ನೋಡ್ಕೊಂಡ್ರು ಅಂತ ಕೇಳ್ಬೇಕು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ನೂರು ವರ್ಷ ಹಿಂದಿನ ನಮ್ಮ ಕಟ್ಟಡಗಳ ಛಾವಣಿ ಹೆಚ್ಚಾಗಿ ಮದ್ರಾಸ್ ಟೆರೇಸ್. ಅಂದ್ರೆ ಮರದ ತೊಲೆಗಳನ್ನ ಸಾಲಾಗಿ ಹಾಕಿ, ಅದರ ಮೇಲೆ ತೆಳ್ಳಗಿನ ಇಟ್ಟಿಗೆಗಳನ್ನ ಅಂಚು ಮೇಲೆ ಮಾಡಿ ಓರೆಯಾಗಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಮತ್ತೆ ಗಾರೆಯ ಪದರ ಬಡಿದು ಗಟ್ಟಿ ಮಾಡೋದು. ಕಬ್ಬಿಣ ಸಿಮೆಂಟಿನ ಹಾಗೆ ಅದು ಹಾಕಿ ಮರೆತುಬಿಡೋ ಛಾವಣಿ ಅಲ್ಲ. ನೀರು ಹರಿದು ಹೋಗೋ ತೂಬಿನಲ್ಲಿ ಒಂದು ಹಿಡಿ ಎಲೆ ಕಟ್ಕೊಂಡ್ರೆ ಸಾಕು, ಮಳೆನೀರು ಮೇಲೆ ನಿಲ್ಲುತ್ತೆ, ನಿಂತ ನೀರು ಗಾರೆಯೊಳಗೆ ಇಳಿಯುತ್ತೆ, ಅಲ್ಲಿಂದ ತೊಲೆಯ ತುದಿಗೆ, ಗೋಡೆಯೊಳಗೆ ಸಿಕ್ಕಿಕೊಂಡಿರೋ ಆ ತುದಿ ಯಾರ ಕಣ್ಣಿಗೂ ಬೀಳಲ್ಲ, ಒಳಗೊಳಗೇ ಕೊಳೆಯುತ್ತೆ, ಗೆದ್ದಲು ಬರುತ್ತೆ, ಒಂದು ದಿನ ಇದ್ದಕ್ಕಿದ್ದ ಹಾಗೆ ಇಡೀ ಸಾಲು ಕೆಳಗೆ. ಹಕ್ಕಿ ತಿಂದು ಬಿಟ್ಟ ಅರಳಿ ಬೀಜ ಬಿರುಕಲ್ಲಿ ಮೊಳೆತ್ರೆ ಮೊದಲ ವರ್ಷ ಕೈಯಲ್ಲಿ ಕೀಳಬಹುದು, ನಾಲ್ಕನೇ ವರ್ಷ ಗೋಡೆ ಒಡೆದೇ ಕೀಳಬೇಕು. ಇನ್ನೊಂದು ಅವಾಂತರ ಅಂದ್ರೆ ಬಿರುಕು ಕಂಡ ಕೂಡ್ಲೇ ಸಿಮೆಂಟ್ ಮೆತ್ತೋದು. ಸುಣ್ಣದ ಗೋಡೆ ತೇವ ಕುಡೀತಾ ಬಿಡ್ತಾ ಇರುತ್ತೆ, ಅದರ ಮೇಲೆ ಸಿಮೆಂಟ್ ಪದರ ಬಂದ್ರೆ ತೇವ ಹೊರಗೆ ಬರೋಕಾಗದೆ ಒಳಗೇ ಉಳಿದು ಇಟ್ಟಿಗೆಯನ್ನೇ ಪುಡಿ ಮಾಡುತ್ತೆ. ಹೊರಗಿಂದ ನೋಡೋಕೆ ನೀಟಾಗಿ ಕಾಣುತ್ತೆ, ಅಷ್ಟೇ.

ಮೈಸೂರಿನ ಮಳೆ ಬೇರೆ ಎರಡು ಕಂತಲ್ಲಿ ಬರುತ್ತೆ, ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ, ಆಮೇಲೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಇನ್ನೊಂದು ಸುತ್ತು. ಹಾಗಾಗಿ ಏಪ್ರಿಲ್‌ನಲ್ಲಿ ಒಂದು ಸಲ, ಆಗಸ್ಟ್‌ನಲ್ಲಿ ಒಂದು ಸಲ ನಾಲ್ಕು ಜನ ಛಾವಣಿ ಹತ್ತಿ ಎಲೆ ಗುಡಿಸಿ, ತೂಬು ಬಿಡಿಸಿ, ಗಿಡ ಕಿತ್ತು, ಬಿರುಕಿಗೆ ಸುಣ್ಣದ ಗಾರೆ ತುಂಬಿದ್ರೆ ಅರ್ಧ ಕೆಲ್ಸ ಮುಗೀತು. ಇದಕ್ಕೆ ಕೋಟಿ ಬೇಡ, ಲಕ್ಷಗಳಲ್ಲೇ ಆಗುತ್ತೆ. ಆದ್ರೆ ನಮ್ಮ ವ್ಯವಸ್ಥೆ ಹೇಗಿದೆ ಅಂದ್ರೆ ಕಟ್ಟಡ ಬಿದ್ದಮೇಲೆ ಕೋಟಿಗಳ ಅಂದಾಜು ಪಟ್ಟಿ ತಯಾರಾಗುತ್ತೆ, ಬೀಳದ ಹಾಗೆ ನೋಡ್ಕೊಳ್ಳೋಕೆ ಸಾವಿರಕ್ಕೂ ಫೈಲ್ ಓಡಾಡಬೇಕು. ಶಂಕುಸ್ಥಾಪನೆಗೆ ಫೋಟೋ ಇದೆ, ಜೀರ್ಣೋದ್ಧಾರದ ಉದ್ಘಾಟನೆಗೆ ಫೋಟೋ ಇದೆ, ತೂಬು ಬಿಡಿಸೋದಕ್ಕೆ ಯಾರೂ ಟೇಪ್ ಕತ್ತರಿಸಲ್ಲ.

ನಾನು ಸುಮ್ನೆ ಹೆದರಿಸ್ತಿಲ್ಲ, ಮೈಸೂರಿಗೆ ಇದರ ಅನುಭವ ಚೆನ್ನಾಗೇ ಇದೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಒಂದು ಭಾಗ ಕುಸಿದು ಜೀವಗಳೇ ಹೋದವು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರ್ಕೆಟ್‌ನ ಒಂದು ಕಡೆ ಬಿತ್ತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಭಾಗ ಕುಸೀತು, ಆಗ ಒಳಗೆ ಹೆಣ್ಣುಮಕ್ಕಳು ಇರ್ಲಿಲ್ಲ ಅನ್ನೋದೇ ಪುಣ್ಯ. ತಿಂಗಳು ಗಮನಿಸಿ, ಎಲ್ಲಾ ಮಳೆಗಾಲ. ಒಂದೊಂದು ಸಲ ಬಿದ್ದಾಗ್ಲೂ ಕೆಡವಬೇಕಾ ಉಳಿಸ್ಬೇಕಾ ಅಂತ ವರ್ಷಗಟ್ಟಲೆ ಚರ್ಚೆ ನಡೆಯುತ್ತೆ, ಅಷ್ಟರಲ್ಲಿ ಅಲ್ಲಿ ವ್ಯಾಪಾರ ಮಾಡ್ತಿದ್ದ ಪುಸ್ತಕದಂಗಡಿಯವ್ರು, ಹೂವಿನವ್ರು ಬೀದಿಪಾಲು.

ಹಾಗಾದ್ರೆ ಹಳೇ ಬಂಗಲೆಗಳೆಲ್ಲ ಹೀಗೇ ಸಾಯೋದಾ ಅಂದ್ರೆ ಇಲ್ಲ. ಇದೇ ಊರಲ್ಲಿ, ಇದೇ ಮನೆತನದ, ಇದೇ ಕಾಲದ ಬೇರೆ ಬಂಗಲೆಗಳಿವೆ. ಮೂರನೇ ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗೆ ಕಟ್ಟಿಸಿದ ಚೆಲುವಾಂಬ ಮ್ಯಾನ್ಶನ್ನಿನಲ್ಲಿ 1950ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಶುರುವಾಯ್ತು. ಇವತ್ತಿಗೂ ಅದರ ಮುಂದೆ ಹಾದುಹೋದ್ರೆ ಹೇಗಿದೆ ನೋಡಿ. ನಜರ್‌ಬಾದ್ ಕಡೆಯ ಕಾರಂಜಿ ಮ್ಯಾನ್ಶನ್ನಿನಲ್ಲಿ ಅಂಚೆ ಇಲಾಖೆಯ ತರಬೇತಿ ಕೇಂದ್ರ ಇದೆ. ಲಲಿತಮಹಲ್ 1921ರಲ್ಲಿ ಶುರುವಾಗಿ ವೈಸರಾಯ್‌ಗೆ ಅಂತ ಕಟ್ಟಿದ್ದು, 1974ರಲ್ಲಿ ಹೋಟೆಲ್ ಆಯ್ತು. ಜಗನ್ಮೋಹನ ಅರಮನೆ 1861ರದ್ದು, 1915ರಿಂದ ಚಿತ್ರಶಾಲೆ. ಇವೆಲ್ಲ ಪರ್ಫೆಕ್ಟ್ ಆಗಿವೆ ಅಂತ ನಾನು ಹೇಳ್ತಿಲ್ಲ, ಅವುಗಳದ್ದೂ ತಾಪತ್ರಯ ಇದ್ದೇ ಇದೆ. ಆದ್ರೆ ಒಂದು ವ್ಯತ್ಯಾಸ ಎದ್ದು ಕಾಣುತ್ತೆ, ಯಾವ ಬಂಗಲೆಯಲ್ಲಿ ಬೆಳಗ್ಗೆ ಒಂಬತ್ತಕ್ಕೆ ಜನ ಬಂದು ಕಿಟಕಿ ತೆಗೀತಾರೋ, ಕಚೇರಿ ನಡೆಸೋಕೆ ಅಂತ ಪ್ರತಿ ವರ್ಷ ಬಜೆಟ್ ಬರುತ್ತೋ, ಸೋರಿದ್ರೆ ತಮ್ಮ ಮೇಜಿನ ಮೇಲೇ ನೀರು ಬೀಳುತ್ತೆ ಅನ್ನೋ ಹೆದರಿಕೆ ಯಾರಿಗಾದ್ರೂ ಇದೆಯೋ ಆ ಬಂಗಲೆ ನಿಂತಿದೆ. ಅಕ್ಕನ ಬಂಗಲೆಗೂ ತಂಗಿಯ ಬಂಗಲೆಗೂ ಇಟ್ಟಿಗೆಯಲ್ಲಿ ವ್ಯತ್ಯಾಸ ಇಲ್ಲ, ಒಳಗೆ ಬಂದು ಸೇರ್ಕೊಂಡ ಸಂಸ್ಥೆಯಲ್ಲಿ ವ್ಯತ್ಯಾಸ. ಒಂದಕ್ಕೆ ಕೇಂದ್ರದ ದುಡ್ಡಿರೋ ವಿಜ್ಞಾನ ಸಂಸ್ಥೆ ಸಿಕ್ತು, ಇನ್ನೊಂದಕ್ಕೆ ದುಡ್ಡಿಲ್ಲದ ಜಾನಪದ ಸಿಕ್ತು.

ಇದನ್ನ ಬರೆಯುವಾಗ ನಂಗೆ ಸಂಕಟ ಆಗುತ್ತೆ. ಜಾನಪದ ಅಂದ್ರೆ ನಮ್ಮಲ್ಲಿ ವೇದಿಕೆ ಮೇಲೆ ಬಹಳ ಗೌರವ. ಡೊಳ್ಳು ಬಾರಿಸದೆ ಯಾವ ಸರ್ಕಾರಿ ಕಾರ್ಯಕ್ರಮವೂ ಶುರುವಾಗಲ್ಲ, ದಸರಾ ಮೆರವಣಿಗೆಯಲ್ಲಿ ಕಂಸಾಳೆ, ವೀರಗಾಸೆ, ಸೋಮನ ಕುಣಿತ ಇಲ್ಲದೆ ಆಗಲ್ಲ. ಆದ್ರೆ ಅದೇ ಕುಣಿತದ ನೂರು ವರ್ಷದ ಹಳೇ ಮುಖವಾಡ ಗೋಣಿಚೀಲದಲ್ಲೋ ಬೀರುವಲ್ಲೋ ತೇವ ಹಿಡೀದ ಹಾಗೆ ಇಡೋಕೆ ಒಂದು ಒಣ ಕೋಣೆ ಬೇಕು ಅಂದಾಗ ದುಡ್ಡಿಲ್ಲ. ತೊಗಲು ಗೊಂಬೆ ಚರ್ಮದ್ದು ಸ್ವಾಮಿ, ತೇವ ಬಂದ್ರೆ ಬೂಷ್ಟು ಹಿಡಿಯುತ್ತೆ, ಒಣಗಿದ್ರೆ ಸುರುಳಿ ಸುತ್ಕೊಳ್ಳುತ್ತೆ, ಅದನ್ನ ಕಟ್ಟಿದ ಕಿಳ್ಳೇಕ್ಯಾತರ ಮನೆಗಳಲ್ಲೇ ಈಗ ಅಂಥ ಗೊಂಬೆ ಮಾಡೋರು ಕಮ್ಮಿ ಆಗಿದಾರೆ, ಒಂದು ಹೋದ್ರೆ ಇನ್ನೊಂದು ಇಲ್ಲ. ಕಂಬಕ್ಕೆ ಕಂಬ ಕಟ್ಟಬಹುದು, ಗಾಜಿಗೆ ಗಾಜು ತರಿಸಬಹುದು. ಯಾವುದೋ ಹಳ್ಳಿಯ ಮುದುಕ ತನ್ನ ಅಪ್ಪನ ಕೈಯಿಂದ ಬಂದಿದ್ದನ್ನ ಇವರು ಜೋಪಾನ ಮಾಡ್ತಾರೆ ಅಂತ ನಂಬಿ ಕೊಟ್ಟ ಸಾಮಾನಿಗೆ ಬದಲಿ ಎಲ್ಲಿಂದ ತರೋದು? ಆ ನಂಬಿಕೆಗೆ ನಾವೆಲ್ಲ ಜವಾಬ್ದಾರರು.

ಈಗ ಮತ್ತೆ ಒಳ್ಳೆ ಸುದ್ದಿ ಬಂದಿದೆ, ಅದನ್ನೂ ಹೇಳ್ಬೇಕು. ಬಂಗಲೆಯ ಪಶ್ಚಿಮ ಭಾಗದ ಜೀರ್ಣೋದ್ಧಾರಕ್ಕೆ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿ ನೆರವು ಕೊಡ್ತು, ಡೆಕ್ಕನ್ ಹೆರಿಟೇಜ್ ಫೌಂಡೇಶನ್ ವಿಶ್ವವಿದ್ಯಾಲಯದ ಜೊತೆ ಕೈಜೋಡಿಸಿದೆ. ಎಷ್ಟೋ ದೂರದ ದೇಶದವ್ರು ನಮ್ಮ ಕಟ್ಟಡದ ಬಗ್ಗೆ ಕಾಳಜಿ ತೋರಿಸಿದ್ರೆ ಅವರಿಗೆ ಮನಸಾರೆ ಥ್ಯಾಂಕ್ಸ್ ಹೇಳ್ತೀನಿ. ಆದ್ರೆ ಹೊರಗಿನ ದುಡ್ಡು ಬರೋದು ಒಂದು ಸಲ. ಬೇರೆ ದೇಶದ ಸರ್ಕಾರ ಬದಲಾದ್ರೆ ಮನಸ್ಸು ಬದಲಾಗುತ್ತೆ, ಕಂಪನಿಗಳ ಫೌಂಡೇಶನ್‌ಗೂ ಇನ್ನೊಂದು ಕೆಲ್ಸ ಬರುತ್ತೆ. ಪಶ್ಚಿಮ ಭಾಗ ಮುಗಿಯೋ ಹೊತ್ತಿಗೆ ಪೂರ್ವ ಭಾಗ ಏನಾಗಿರುತ್ತೆ? ಇದೂ 2002ರ ಕಥೆ ಥರಾನೇ ಆಗಿ, ಇನ್ನು ಹದಿನೈದು ವರ್ಷಕ್ಕೆ ನನ್ನಂಥ ಇನ್ಯಾರೋ ಇದೇ ಪತ್ರ ಬರೀಬಾರ್ದು ಅಂತಲೇ ಇಷ್ಟೆಲ್ಲ ಹೇಳ್ತಿರೋದು.

ವಿಶ್ವವಿದ್ಯಾಲಯದ ಕಷ್ಟ ನಂಗೆ ಅರ್ಥ ಆಗುತ್ತೆ. ನಿವೃತ್ತರ ಪೆನ್ಷನ್‌ಗೇ ಪರದಾಡೋ ಪರಿಸ್ಥಿತಿ ಇದೆ ಅಂತ ನಿಮ್ಮಲ್ಲೇ ಓದಿದೀವಿ, ಖಾಲಿ ಹುದ್ದೆಗಳು ತುಂಬ್ತಿಲ್ಲ, ಹೀಗಿರುವಾಗ ಬಂಗಲೆ ನೋಡ್ಕೊಳ್ಳಿ ಅಂತ ಅವರೊಬ್ಬರ ತಲೆ ಮೇಲೇ ಹಾಕೋದು ನ್ಯಾಯ ಅಲ್ಲ. 1959ರಲ್ಲಿ ಕೊಳ್ಳೋಕೆ ಸರ್ಕಾರ ನೆರವು ಕೊಟ್ಟಿತ್ತಲ್ಲ, ಹಾಗಾದ್ರೆ ಉಳಿಸೋದ್ರಲ್ಲೂ ಸರ್ಕಾರದ ಪಾಲು ಇರ್ಬೇಕು. ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಇರೋದೇ ಮೈಸೂರಲ್ಲಿ, ಗಂಗೋತ್ರಿಗೆ ಒಂದು ಆಟೋ ದೂರ. ಇಲಾಖೆ ಮತ್ತು ವಿಶ್ವವಿದ್ಯಾಲಯ ಒಟ್ಟಿಗೆ ಕೂತು ಈ ಒಂದು ಕಟ್ಟಡದ ವಾರ್ಷಿಕ ನಿರ್ವಹಣೆಗೆ ಅಂತಲೇ ಬೇರೆ ಖಾತೆ ಮಾಡ್ಲಿ, ಅದರಿಂದ ಒಂದು ರೂಪಾಯಿನೂ ಬೇರೆ ಕಡೆ ತಿರುಗಿಸೋಕೆ ಆಗದ ಹಾಗೆ ಮಾಡ್ಲಿ. ದಸರಾಕ್ಕೆ ಪ್ರತಿ ವರ್ಷ ಕೋಟಿ ಕೋಟಿ ಬಿಡುಗಡೆ ಆಗುತ್ತೆ, ಅದರಲ್ಲಿ ಒಂದು ಚಿಕ್ಕ ಪಾಲು ಇಲ್ಲಿಗೆ ಬಂದ್ರೂ ಹತ್ತು ದಿನದ ದೀಪಾಲಂಕಾರದಲ್ಲಿ ಯಾರಿಗೂ ಕೊರತೆ ಕಾಣಲ್ಲ. ಸುಣ್ಣದ ಗಾರೆ ಕೆಲ್ಸ ಗೊತ್ತಿರೋ ಇಬ್ಬರು ಮೇಸ್ತ್ರಿಗಳನ್ನ ಕಾಯಂ ಆಗಿ ತಗೊಳ್ಳಿ, ಟೆಂಡರ್ ಮೇಲೆ ವರ್ಷಕ್ಕೊಬ್ಬ ಬಂದು ಹೋಗೋರಿಂದ ಈ ಕೆಲ್ಸ ಆಗಲ್ಲ. ಅವರ ಕೈಕೆಳಗೆ ಹುಡುಗರು ಕಲೀಲಿ, ಮೈಸೂರಲ್ಲಿ ಪಾರಂಪರಿಕ ಕಟ್ಟಡಗಳೇ ಅಷ್ಟೊಂದು ಇರುವಾಗ ಅವರಿಗೆ ಜೀವನ ಪೂರ್ತಿ ಕೆಲ್ಸ ಇದೆ.

ಇನ್ನು ಒಳಗಿನ ವಸ್ತುಗಳ ವಿಷಯ. ಕಟ್ಟಡ ಪೂರ್ತಿ ರೆಡಿ ಆಗೋವರೆಗೂ ಎಲ್ಲಾ ಕತ್ತಲಲ್ಲಿ ಇರ್ಬೇಕಾಗಿಲ್ಲ. ಒಂದೊಂದೇ ವಸ್ತುವಿನ ಫೋಟೋ ತೆಗೆದು, ಯಾವ ಊರು, ಯಾವ ಸಮುದಾಯ, ಹೇಗೆ ಬಳಸ್ತಿದ್ರು ಅಂತ ಬರೆದು ಎಲ್ರೂ ನೋಡೋ ಹಾಗೆ ಹಾಕ್ಬಹುದು, ಅದೇ ಕ್ಯಾಂಪಸ್ಸಲ್ಲಿ ಜಾನಪದ ಓದೋ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಎಲ್ಲಿ ಸಿಗುತ್ತೆ. ಬಳಸೋದು ಹೇಗೆ ಅಂತ ಬಲ್ಲ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದಾರೆ, ಅವರನ್ನ ಕರೆಸಿ ಕೇಳಿ ಬರ್ಕೊಳ್ಳೋಕೆ ಸಮಯ ಬಹಳ ಉಳಿದಿಲ್ಲ. ಮತ್ತೆ ರಿಪೇರಿ ಮುಗಿದ ಭಾಗವನ್ನ ಮೊದಲು ತೆರೀರಿ, ಹತ್ತು ಕೋಣೆ ಆದ್ರೂ ಸರಿ. ಗಂಗೋತ್ರಿಯಲ್ಲಿ ಎರಡು ವರ್ಷ ಓದಿ ಈ ಬಂಗಲೆಯ ಹೊಸಿಲು ತುಳೀದೆ ಡಿಗ್ರಿ ತಗೊಂಡು ಹೋಗೋ ಮಕ್ಕಳು ಈಗ ಇದಾರೆ, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ದಿನಾ ವಾಕಿಂಗ್ ಮಾಡೋರಲ್ಲಿ ಎಷ್ಟೋ ಜನಕ್ಕೆ ಮರಗಳ ಹಿಂದೆ ಏನಿದೆ ಅಂತಾನೇ ಗೊತ್ತಿಲ್ಲ. ಜನ ಕಾಣದ ಕಟ್ಟಡಕ್ಕೆ ಜನ ದನಿ ಎತ್ತಲ್ಲ. ಹಂಗಂತ ಇದನ್ನ ಯಾವುದೋ ಹೋಟೆಲ್ ಗುಂಪಿಗೆ ಲೀಸ್‌ಗೆ ಕೊಟ್ಟುಬಿಡಿ ಅಂತ ಸಲಹೆ ಕೊಡೋರೂ ಇದಾರೆ, ಅದನ್ನ ನಾನು ಒಪ್ಪಲ್ಲ. ಒಂದು ಸಲ ರಾಜಮನೆಯಿಂದ ಜನರ ಕೈಗೆ ಬಂದಿದ್ದು ಮತ್ತೆ ರೂಮ್ ಬಾಡಿಗೆ ಕಟ್ಟೋಕೆ ಆಗೋರ ಕೈಗೆ ಮಾತ್ರ ಹೋಗ್ಬಾರ್ದು.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ಬರೋ ಏಪ್ರಿಲ್‌ನಲ್ಲಿ, ಮಳೆ ಶುರುವಾಗೋ ಮುಂಚೆ, ನಿಮ್ಮ ಒಬ್ಬ ವರದಿಗಾರರನ್ನೂ ಫೋಟೋಗ್ರಾಫರನ್ನೂ ಸಂಬಂಧಪಟ್ಟವರ ಅನುಮತಿ ತಗೊಂಡು ಆ ಛಾವಣಿ ಮೇಲೆ ಕಳ್ಸಿ. ಮುಂಭಾಗದ ಕಂಬಗಳ ಫೋಟೋ ಬೇಡ, ಅದು ಎಲ್ಲಾ ಕಡೆ ಇದೆ. ತೂಬುಗಳ ಫೋಟೋ ಹಾಕಿ, ಪೂರ್ವ ಭಾಗದ ತೊಲೆಗಳ ಸ್ಥಿತಿ ಬರೀರಿ, ಈ ವರ್ಷ ನಿರ್ವಹಣೆಗೆ ಎಷ್ಟು ಇಟ್ಟಿದಾರೆ, ಯಾರು ಜವಾಬ್ದಾರಿ ಅಂತ ಕೇಳಿ ಹಾಕಿ. ಆಗಸ್ಟ್‌ನಲ್ಲಿ ಮತ್ತೆ ಒಂದು ಸಲ ಹೋಗಿ ಅದನ್ನೇ ಕೇಳಿ.

ಇಂತಿ,
ಮಾನಸಗಂಗೋತ್ರಿಯ ಹಳೇ ವಿದ್ಯಾರ್ಥಿ,
ಮೈಸೂರು